ಮುಟ್ಟಿ ನೋಡುವ ಹಂಬಲ

ಕಾದಂಬರಿ, ನಾಟಕ, ಯಕ್ಷಗಾನ, ಚಿತ್ರಕಲೆ, ಶಿಲ್ಪ, ವಿಜ್ಞಾನ, ಸಿನಿಮಾ, ಮಕ್ಕಳ ಶಿಕ್ಷಣ, ಪ್ರವಾಸ, ಪರಿಸರ, ಅರ್ಥಕೋಶ. ಕೋಟ ಶಿವರಾಮ ಕಾರಂತರು ಕೈಹಾಕಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಲು ಹೊರಟರೆ ನಡುವೆ ಎಲ್ಲಾದರೂ ಉಸಿರು ಕಟ್ಟುತ್ತದೆ. 1902ರಲ್ಲಿ ಹುಟ್ಟಿ 1997ರಲ್ಲಿ ತೀರಿಕೊಂಡ ಅವರದು ತುಂಬು ಬದುಕು, ನಿಜ. ಆದರೆ ಅಷ್ಟು ವರ್ಷ ಬದುಕಿದವರೆಲ್ಲ ಅಷ್ಟು ದಿಕ್ಕಿಗೆ ನಡೆಯುವುದಿಲ್ಲ. ಅವರನ್ನು ಅಷ್ಟು ಕಡೆ ಎಳೆದದ್ದು ಏನು? ಬೆಂಗಳೂರಿನ ನಾಗಸಂದ್ರದ ನನ್ನ ಬಾಡಿಗೆ ಮನೆಯಲ್ಲಿ ಅವರ ಪುಸ್ತಕಗಳನ್ನು ಒಂದೊಂದಾಗಿ ಓದುತ್ತ ಬಂದಂತೆ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಕಾಲೇಜಿನಲ್ಲಿ ಓದುತ್ತಿದ್ದ ಹುಡುಗ ಗಾಂಧೀಜಿಯ ಅಸಹಕಾರದ ಕರೆಗೆ ಓಗೊಟ್ಟು ಓದು ಬಿಟ್ಟ. ಖಾದಿ, ಸ್ವದೇಶಿ ಎಂದು ಊರೂರು ಅಲೆದ. ದೇವರು, ಸಾಧನೆ ಎಂಬ ಹಂಬಲವೂ ಆ ವಯಸ್ಸಿನಲ್ಲಿ ಅವನನ್ನು ಹಿಡಿದಿತ್ತು. ಯಾವುದೂ ಪೂರ್ತಿ ಒಪ್ಪಿಗೆಯಾಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಕಹಿಯಾಗಿ ಕೂರುತ್ತಿದ್ದರೋ ಏನೋ. ಕಾರಂತರು ಮಾತ್ರ ಇನ್ನೊಬ್ಬರು ಹೇಳಿಕೊಟ್ಟ ಅರ್ಥವನ್ನು ಬದಿಗಿಟ್ಟು, ಎದುರಿಗೆ ಸಿಕ್ಕ ಒಂದೊಂದನ್ನೂ ತಾವೇ ಕೈಯಾರೆ ಹಿಡಿದು ಪರೀಕ್ಷಿಸಲು ಹೊರಟರು. ಆತ್ಮಕಥೆಗೆ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಎಂದು ಹೆಸರಿಟ್ಟರು. ಮುಖ ಹತ್ತಾದರೂ ಮನಸ್ಸು ಒಂದೇ ಎಂಬುದನ್ನು ನಾವು ಓದುಗರು ಎಷ್ಟೋ ಸಲ ಮರೆಯುತ್ತೇವೆ.

ಆ ಒಂದು ಮನಸ್ಸು ನನಗೆ ಸ್ಪಷ್ಟವಾಗಿ ಕಂಡದ್ದು 'ಮೂಕಜ್ಜಿಯ ಕನಸುಗಳು' ಕಾದಂಬರಿಯಲ್ಲಿ. 1968ರಲ್ಲಿ ಬಂದ ಈ ಪುಸ್ತಕ ಅವರಿಗೆ 1977ರ ಜ್ಞಾನಪೀಠ ತಂದಿತು. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡ ಮೂಕಜ್ಜಿ ಹೆಚ್ಚು ಓಡಾಡಿದವಳಲ್ಲ, ಓದಿದವಳಲ್ಲ. ಆದರೆ ಮೊಮ್ಮಗ ಸುಬ್ರಾಯ ಒಂದು ಹಳೆಯ ವಸ್ತುವನ್ನು ತಂದು ಅವಳ ಕೈಗೆ ಕೊಟ್ಟರೆ ಸಾಕು, ಅದರ ಹಿಂದಿನ ಕಾಲ, ಅದನ್ನು ಬಳಸಿದ ಜನ, ಅವರ ನಂಬಿಕೆ ಎಲ್ಲ ಅವಳಿಗೆ ಕಾಣುತ್ತವೆ. ದೇವರ ಬಗ್ಗೆ, ಗಂಡು ಹೆಣ್ಣಿನ ಬಗ್ಗೆ ಅವಳು ಆಡುವ ಮಾತುಗಳಲ್ಲಿ ಯಾರ ಅಂಜಿಕೆಯೂ ಇಲ್ಲ. ಮುಟ್ಟಿದ್ದರಿಂದ ತಿಳಿದದ್ದು ಅದು, ಕೇಳಿ ಒಪ್ಪಿಕೊಂಡದ್ದಲ್ಲ. ಕಾರಂತರು ಜೀವಮಾನವಿಡೀ ಮಾಡಿದ ಕೆಲಸವೇ ಆ ಅಜ್ಜಿಯ ರೂಪ ತಾಳಿ ಕೂತಿದೆ ಎಂದು ನನಗೆ ಗಾಢವಾಗಿ ಅನ್ನಿಸುತ್ತದೆ.

ಮುಟ್ಟಿ ತಿಳಿಯುವ ಈ ಮಾತು ನನಗೆ ಬರೀ ಪುಸ್ತಕದ್ದಲ್ಲ. ನಾನು ಪೀಣ್ಯದ ಟೂಲ್‌ರೂಮಿನಲ್ಲಿ ದುಡಿದವನು. ನಮ್ಮ ಶೆಡ್ಡಿನಲ್ಲಿ ಬ್ರಹ್ಮಾವರ ಕಡೆಯ ಹಿರಿಯ ಟರ್ನರ್ ಒಬ್ಬರಿದ್ದರು. ಲೇತ್ ನಿಲ್ಲಿಸಿ ಜಾಬ್ ಮೇಲಿನ ಕೂಲಂಟ್ ಒರೆಸುತ್ತಿದ್ದರು. ಮೈಕ್ರೋಮೀಟರ್ ತೆಗೆಯುವ ಮೊದಲು ಹೆಬ್ಬೆರಳಿನ ಉಗುರನ್ನು ಆ ಉಕ್ಕಿನ ಮೇಲೆ ಮೆಲ್ಲಗೆ ಎಳೆಯುತ್ತಿದ್ದರು. ಕಣ್ಣಿಗೆ ಕನ್ನಡಿಯ ಹಾಗೆ ಹೊಳೆಯುತ್ತಿದ್ದ ಮೈಯಲ್ಲೂ ಅವರ ಉಗುರು ಎಲ್ಲೋ ತಡೆಯುತ್ತಿತ್ತು. "ಇಲ್ಲಿ ಟೂಲ್ ನಡುಗಿದೆ ಮಾರಾಯ, ಇನ್ನೊಂದು ಕಟ್ ತೆಗಿ" ಎನ್ನುತ್ತಿದ್ದರು. ಅಳತೆ ಸರಿ ಇರುತ್ತಿತ್ತು. ಫಿನಿಶ್ ಬಗ್ಗೆ ಅವರು ಹೇಳಿದ್ದೂ ಸರಿ ಇರುತ್ತಿತ್ತು. ಅದೇ ಕೈ ರಾತ್ರಿ ಮದ್ದಳೆ ನುಡಿಸುತ್ತಿತ್ತು. ಮಳೆಗಾಲದಲ್ಲಿ ಕರಾವಳಿಯಲ್ಲಿ ಬಯಲಾಟಗಳು ನಿಂತಾಗ ಕಲಾವಿದರ ತಂಡಗಳು ಬೆಂಗಳೂರಿಗೆ ಬಂದು ಆಟ ಆಡುತ್ತವೆ. ಆ ದಿನಗಳಲ್ಲಿ ಅವರು ಸೆಕೆಂಡ್ ಶಿಫ್ಟ್ ಬೇಡವೆಂದು ಮೇಸ್ತ್ರಿಯ ಹತ್ತಿರ ಅಂಗಲಾಚುತ್ತಿದ್ದರು. ನನಗೆ ಯಕ್ಷಗಾನ ತೋರಿಸಿದವರೂ ಅವರೇ, ಕಾರಂತರ ಹೆಸರನ್ನು ಮೊದಲು ಕಿವಿಗೆ ಹಾಕಿದವರೂ ಅವರೇ.

ಯಕ್ಷಗಾನದ ವಿಷಯದಲ್ಲಿ ಕಾರಂತರು ಮಾಡಿದ್ದನ್ನು ಸ್ವಲ್ಪ ನಿಂತು ನೋಡಬೇಕು. ಹುಟ್ಟೂರಿನ ಆಟವೆಂಬ ಪ್ರೀತಿಯಿಂದ ತಲೆದೂಗಿ ಸುಮ್ಮನಾಗಿದ್ದರೆ ಯಾರೂ ಅವರನ್ನು ಬೈಯುತ್ತಿರಲಿಲ್ಲ. ಅವರು ಹಳೆಯ ಪ್ರಸಂಗಗಳನ್ನು ಹುಡುಕಿದರು, ಹಾಡಿಕೆಯ ರಾಗಗಳನ್ನು, ಬಣ್ಣ ವೇಷಗಳನ್ನು ಅಭ್ಯಾಸ ಮಾಡಿದರು. ಆ ದುಡಿಮೆಯ ಫಲವಾದ 'ಯಕ್ಷಗಾನ ಬಯಲಾಟ' ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪುಸ್ತಕ ಬರೆದು ಮುಗಿಯಿತು ಎಂದು ಕೂರಲಿಲ್ಲ. ತಂಡ ಕಟ್ಟಿದರು, ತಾವೇ ಹೆಜ್ಜೆ ಹಾಕಿದರು. ರಾತ್ರಿಯಿಡೀ ನಡೆಯುವ ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿದರು. ಹಿಮ್ಮೇಳಕ್ಕೆ ಪಿಟೀಲು, ಸ್ಯಾಕ್ಸಫೋನ್ ತಂದರು. ಮಾತನ್ನೇ ತೆಗೆದು ಕುಣಿತ ಮತ್ತು ಹಾಡಿನ ಮೇಲೆ ಕತೆ ನಿಲ್ಲಿಸಿದರು. ಇಳಿವಯಸ್ಸಿನಲ್ಲೂ ಆ ತಂಡವನ್ನು ಕರೆದುಕೊಂಡು ಹೊರದೇಶಗಳಿಗೆ ಹೋದರು.

ಅರ್ಥಗಾರಿಕೆ ಇಲ್ಲದ ಯಕ್ಷಗಾನ ನನ್ನ ಮನಸ್ಸಿಗೆ ಇಂದಿಗೂ ಪೂರ್ತಿ ಇಳಿಯುವುದಿಲ್ಲ. ವೇಷಧಾರಿ ಸ್ಥಳದಲ್ಲೇ ಮಾತು ಹೆಣೆದು ಎದುರಾಳಿಯನ್ನು ಸಿಕ್ಕಿಸುವ ಆ ಗಳಿಗೆಗಾಗಿಯೇ ನಾನು ನಿದ್ದೆಗೆಟ್ಟು ಕೂತದ್ದುಂಟು. ನಮ್ಮ ಟರ್ನರ್ ಅಂತೂ ಈ ಒಂದು ವಿಷಯಕ್ಕೆ ಕಾರಂತರ ಮೇಲೆ ಸಿಟ್ಟಾಗುತ್ತಿದ್ದರು. ಆದರೂ ಈ ಕಲೆಯ ಜೀವ ಎಲ್ಲಿದೆ, ಮಾತಿನಲ್ಲೋ, ರಾಗದಲ್ಲೋ, ಹೆಜ್ಜೆಯಲ್ಲೋ ಎಂದು ಮುಖಾಮುಖಿ ಕೇಳುವ ಧೈರ್ಯ ಕಾರಂತರಿಗಿತ್ತು. ಉತ್ತರವನ್ನು ಸ್ವಂತ ಮೈಯಿಂದ ಕೊಟ್ಟರು. ಅದಕ್ಕೆ ನಾನು ಕೈ ಮುಗಿಯುತ್ತೇನೆ.

ಮಕ್ಕಳಿಗಾಗಿ ಮಾಡಿದ್ದೂ ಇದೇ ಬಗೆಯದು. ಪುತ್ತೂರಿನ ಬಾಲವನದಲ್ಲಿ ಮಕ್ಕಳು ಆಡುತ್ತ ಹಾಡುತ್ತ ಕಲಿಯಲಿ ಎಂದು ಪ್ರಯೋಗ ನಡೆಸಿದರು. ಸ್ವಾತಂತ್ರ್ಯಕ್ಕೂ ಮೊದಲೇ 'ಬಾಲ ಪ್ರಪಂಚ'ದ ಮೂರು ಸಂಪುಟಗಳನ್ನು, ಆಮೇಲೆ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನು ಒಬ್ಬರೇ ಕೂತು ಬರೆದರು. ಇಂಥ ಕೆಲಸಕ್ಕೆ ಒಂದು ಸಂಸ್ಥೆಯೇ ಬೇಕು. ಕನ್ನಡದ ಮಗುವಿಗೆ ನಕ್ಷತ್ರವೂ ಕಪ್ಪೆಯೂ ಕನ್ನಡದಲ್ಲೇ ತಿಳಿಯಬೇಕು ಎಂದು ಒಬ್ಬ ಮನುಷ್ಯನಿಗೆ ಅಷ್ಟು ಆಳವಾಗಿ ಅನ್ನಿಸಿತ್ತಲ್ಲ, ಅದನ್ನು ನೆನೆದರೆ ನನಗೆ ಗಂಟಲು ತುಂಬಿ ಬರುತ್ತದೆ.

ಎಲ್ಲದರಲ್ಲೂ ಗೆದ್ದರು ಎಂದೇನೂ ಅಲ್ಲ. 1930ರ ಸುಮಾರಿಗೆ 'ಡೊಮಿಂಗೊ', 'ಭೂತರಾಜ್ಯ' ಎಂಬ ಮೂಕಿ ಚಿತ್ರಗಳನ್ನು ತೆಗೆದರು. ಸಿನಿಮಾ ಅವರ ಬದುಕಾಗಲಿಲ್ಲ. ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು, ಸೋತರು. ಆಗ ಅವರಿಗೆ 87 ವರ್ಷ. ಆಸಕ್ತಿಗಳು ಹಲವಾದರೆ ಮನುಷ್ಯ ಚೆದುರಿಹೋಗುತ್ತಾನೆ ಎನ್ನುವವರಿಗೆ ನಾನು ಈ ಸೋಲುಗಳನ್ನೇ ತೋರಿಸುತ್ತೇನೆ. ಚೆದುರಿದವನು ಸೋಲುವ ಕಡೆ ಹೋಗಿ ನಿಲ್ಲುವುದಿಲ್ಲ; ಸುಲಭದ ಕಡೆ ಜಾರುತ್ತಾನೆ. ಮೂಡಿಗೆರೆಯ ಲೇಖಕ ಪೂರ್ಣಚಂದ್ರ ತೇಜಸ್ವಿಯವರೂ ಕಾಫಿ ತೋಟ, ಗಾಳ, ಕ್ಯಾಮೆರಾ, ಕುಂಚ, ಕಂಪ್ಯೂಟರಿನ ಕನ್ನಡ ಎಂದು ಅಲೆದರು. ಆ ಅಲೆದಾಟವಿಲ್ಲದೆ ಅವರ ಬರವಣಿಗೆಯ ಆ ಕಾಡು, ಆ ಹಕ್ಕಿ ಹುಟ್ಟುತ್ತಿರಲಿಲ್ಲ.

ನಾನಿರುವ ನಾಗಸಂದ್ರ ಈಗ ಬೇರೆಯಾಗಿದೆ. 2015ರ ಮೇ ತಿಂಗಳಿಂದ ಇಲ್ಲಿಗೇ ಕೊನೆಯಾಗುತ್ತಿದ್ದ ಮೆಟ್ರೋ 2024ರ ನವೆಂಬರಿನಲ್ಲಿ ಮಾದಾವರಕ್ಕೆ ಹೋಯಿತು. ತುಮಕೂರು ರಸ್ತೆಯ ಪಕ್ಕ ಐಕಿಯಾ ಬಂತು. ಆದರೆ ಅಂಥ ಅಲೆದಾಟಕ್ಕೆ ಇಲ್ಲಿ ಬಿಡುವಿಲ್ಲ; ಸಂಜೆ ನಮ್ಮ ಬೀದಿಯ ಮಕ್ಕಳು ಬೆನ್ನಿಗೆ ಚೀಲ ಹೇರಿಕೊಂಡು ಟ್ಯೂಷನ್ನಿಗೆ ಹೋಗುತ್ತಾರೆ. ಚಿತ್ರ ಬರೆಯುವ ಹುಡುಗಿಗೆ "ಹತ್ತನೇ ಕ್ಲಾಸ್ ಮುಗೀಲಿ, ಆಮೇಲೆ ನೋಡೋಣ" ಎನ್ನುತ್ತಾರೆ ಮನೆಯವರು. ಹತ್ತು ಮುಗಿದರೆ ಪಿಯುಸಿ, ಅದಾದರೆ ಸಿಇಟಿ. ಆ 'ಆಮೇಲೆ' ಎಷ್ಟೋ ಮಕ್ಕಳ ಪಾಲಿಗೆ ಬರುವುದೇ ಇಲ್ಲ. ಇದು ನನಗೆ ನಿಜವಾಗಿ ನೋವಿನ ವಿಷಯ. ಅಪ್ಪ ಅಮ್ಮಂದಿರ ಭಯವೂ ನನಗೆ ಗೊತ್ತು. ಕಂಪನಿ ಮುಚ್ಚಿದ ತಿಂಗಳು ಮನೆ ನಡೆಸಿದವನು ನಾನು.

ನಮ್ಮ ಟರ್ನರ್ ನಿವೃತ್ತರಾದ ಮೇಲೆ ಯಕ್ಷಗಾನ ವೇಷದ ಮುಂಡಾಸು ಕಟ್ಟುವುದನ್ನು ಕಲಿಯತೊಡಗಿದರು. ಅಟ್ಟೆಯ ಮೇಲೆ ಬಟ್ಟೆ ಸುತ್ತಿ, ಪಟ್ಟಿ ಎಳೆದು, ಕಟ್ಟು ಸಡಿಲವಾದರೆ ಪೂರ್ತಿ ಬಿಚ್ಚಿ ಮೊದಲಿಂದ ಕೂರುತ್ತಾರೆ. ಕಲಿಸುವವನು ಅವರ ಅರ್ಧ ವಯಸ್ಸಿನ ಹುಡುಗ. ಅವನನ್ನು ಅವರು ಬಹುವಚನದಲ್ಲೇ ಮಾತಾಡಿಸುತ್ತಾರೆ. ಮೊನ್ನೆ ಆ ಚಿತ್ರ ಬರೆಯುವ ಹುಡುಗಿಯನ್ನು ಅವಳ ಅಮ್ಮನನ್ನು ಕೇಳಿಯೇ ಟರ್ನರ್ ಬಳಿಗೆ ಕರೆದೊಯ್ದೆ. "ಬಾ ಮಗಾ, ಈ ಮಡಿಕೆ ಹಿಡಿ, ಬಿಡಬೇಡ" ಎಂದು ಅವರು ಬಟ್ಟೆಯ ತುದಿಯನ್ನು ಅವಳ ಕೈಗೆ ಕೊಟ್ಟರು.