ಗ್ರಾಮಫೋನಿನ ಸ್ಪ್ರಿಂಗ್ ರಿಪೇರಿ

ಕೀಲಿ ಕೊಡುವ ಗ್ರಾಮಫೋನಿಗೆ ಶಕ್ತಿ ಬರುವುದು ದುಂಡು ಡಬ್ಬಿಯೊಳಗೆ ಸುರುಳಿ ಸುತ್ತಿಟ್ಟ ಉಕ್ಕಿನ ಪಟ್ಟಿಯಿಂದ. ಅದು ಬಿಚ್ಚಿಕೊಳ್ಳುವ ಬಲ ಹಲ್ಲುಚಕ್ರಗಳ ಮೂಲಕ ಟರ್ನ್‌ಟೇಬಲ್ ತಲುಪುತ್ತದೆ. ವೇಗವನ್ನು ಹಿಡಿತದಲ್ಲಿಡುವುದು ಗವರ್ನರ್: ವೇಗ ಏರಿದಂತೆ ಅದರ ಸಣ್ಣ ತೂಕಗಳು ಹೊರಕ್ಕೆ ಚಾಚಿಕೊಂಡು, ಬಿಲ್ಲೆಯೊಂದನ್ನು ಚರ್ಮ ಅಥವಾ ಫೆಲ್ಟ್ ತುಂಡಿಗೆ ಒತ್ತಿ ತಡೆಯೊಡ್ಡುತ್ತವೆ.

ಹಾಡಿನ ನಡುವೆ ಧಡ್ ಎಂಬ ಸದ್ದು ಬಂದು ಸ್ವರ ಅಲುಗಿದರೆ, ಬಹುಮಟ್ಟಿಗೆ ಡಬ್ಬಿಯೊಳಗಿನ ಗ್ರೀಸ್ ಒಣಗಿ ಗಟ್ಟಿಯಾಗಿದೆ ಎಂದರ್ಥ. ಅಂಟಿಕೊಂಡ ಸುತ್ತುಗಳು ಒಮ್ಮೆಲೇ ಬಿಡಿಸಿಕೊಳ್ಳುವುದೇ ಆ ಸದ್ದು. ಹ್ಯಾಂಡಲ್ ಎಷ್ಟು ತಿರುಗಿಸಿದರೂ ಬಿಗಿಯಾಗದಿದ್ದರೆ ಸ್ಪ್ರಿಂಗ್ ತುಂಡಾಗಿರಬಹುದು, ಇಲ್ಲವೇ ಕೊಕ್ಕೆಯಿಂದ ಕಳಚಿರಬಹುದು.

ಮೋಟಾರನ್ನು ಬಿಚ್ಚುವ ಮೊದಲು ಕೀಲಿ ಪೂರ್ತಿ ಇಳಿದಿರಬೇಕು. ಆಮೇಲೂ ಡಬ್ಬಿಯೊಳಗಿನ ಪಟ್ಟಿ ಇಕ್ಕಟ್ಟಿನಲ್ಲೇ ಇರುತ್ತದೆ. ಕೈಜಾರಿದರೆ ಚಿಮ್ಮಿ ಗಾಯ ಮಾಡುತ್ತದೆ. ದಪ್ಪ ಕೈಗವಸು, ಕನ್ನಡಕ ಧರಿಸಿ, ಒಳತುದಿಯಿಂದ ಒಂದೊಂದೇ ಸುತ್ತು ಹೊರತೆಗೆಯಬೇಕು. ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಬಿರುಕು ನೋಡಿ, ಹೊಸ ಗ್ರಾಫೈಟ್ ಗ್ರೀಸ್ ಸವರಿ, ಹೊರತುದಿಯ ತೂತನ್ನು ಡಬ್ಬಿಯ ಕೊಕ್ಕೆಗೆ ಸಿಕ್ಕಿಸಿ ಮತ್ತೆ ಸುತ್ತಬೇಕು. ನಡುವೆ ಮುರಿದ ಪಟ್ಟಿಗೆ ಬೆಸುಗೆ ನಿಲ್ಲದು. ಅಗಲ, ದಪ್ಪ, ಉದ್ದ ಮತ್ತು ತುದಿಯ ತೂತು ಹೊಂದುವ ಹೊಸದನ್ನೇ ಹಾಕಬೇಕು.

ಗವರ್ನರಿಗೆ ಗ್ರೀಸ್ ಸಲ್ಲದು; ಅದರ ಅಕ್ಷದ ತುದಿಗಳಿಗೂ ತಡೆತುಂಡಿಗೂ ಹನಿ ತೆಳು ಎಣ್ಣೆ ಸಾಕು.

ಕೊನೆಗೆ ವೇಗದ ಪರೀಕ್ಷೆ. 77 ಗೆರೆಗಳ ಸ್ಟ್ರೋಬ್ ಬಿಲ್ಲೆಯನ್ನು ತಿರುಗುವ ರೆಕಾರ್ಡಿನ ಮೇಲಿಟ್ಟು, 50 ಹರ್ಟ್ಸ್ ವಿದ್ಯುತ್ತಿನಲ್ಲಿ ಮಿನುಗುವ ದೀಪದಡಿ ನೋಡಿದಾಗ ಗೆರೆಗಳು ನಿಂತಂತೆ ಕಂಡರೆ ವೇಗ ನಿಮಿಷಕ್ಕೆ ಸುಮಾರು 78 ಸುತ್ತು.