ಸದ್ದು ನಿಲ್ಲಿಸಿ ತೋರಿಸಿದ ಪಾಠ

ಕಳೆದ ವಾರ ಶಾಲೆಯ ಕಂಪ್ಯೂಟರ್ ಕೋಣೆಯ ಕಪಾಟು ಗುಡಿಸುವಾಗ ಒಂದು ಡಬ್ಬಿ ತುಂಬ ಫ್ಲಾಪಿಗಳು ಸಿಕ್ಕಿದವು. ಒಂದರ ಮೇಲೆ "6ನೇ ತರಗತಿ ಸಮಾಜ, ಅರ್ಧವಾರ್ಷಿಕ" ಎಂಬ ಚೀಟಿ. ಸಹಾಯಕ್ಕೆ ಬಂದ ಏಳನೆಯ ತರಗತಿಯ ಮಕ್ಕಳು "ಇದೆಂತದ್ದು ಸಾರ್?" ಎಂದು ಕೇಳಿದರು. ಅದನ್ನು ಓದುವ ಯಂತ್ರ ಈಗ ಶಾಲೆಯಲ್ಲಿಲ್ಲ. ಇದ್ದರೂ ಒಳಗಿರುವ ಅಕ್ಷರಗಳನ್ನು ಓದಲಾಗದು. ಆ ಕತೆ ಹೇಳಬೇಕು ಅನ್ನಿಸಿತು.

ನಾವು ಅಂದರೆ ಕಾಸರಗೋಡಿನ ಒಂದು ಸರಕಾರಿ ಶಾಲೆಯ ಯು.ಪಿ. ವಿಭಾಗದ ಕನ್ನಡ ಮಾಧ್ಯಮದ ನಾಲ್ಕು ಮಂದಿ ಅಧ್ಯಾಪಕರು. ಕೇರಳದಲ್ಲಿ ಐಟಿ@ಸ್ಕೂಲ್ ಯೋಜನೆ ಆರಂಭವಾದದ್ದು 2001ರಲ್ಲಿ. ಕಂಪ್ಯೂಟರುಗಳು ಬಂದದ್ದು ಹೈಸ್ಕೂಲು ವಿಭಾಗಕ್ಕೆ. ಶನಿವಾರ ಕೀಲಿಕೈ ಬೇಡಿ ತಂದು, ಚಪ್ಪಲಿ ಹೊರಗೆ ಬಿಟ್ಟು, ದೇವರ ಕೋಣೆಗೆ ಹೋದ ಹಾಗೆ ಒಳಗೆ ಹೋಗುತ್ತಿದ್ದೆವು. ಮೌಸ್ ಹಿಡಿಯುವಾಗ ಕೈ ನಡುಗುತ್ತಿತ್ತು. ಮಕ್ಕಳಿಗೆ ಗೊತ್ತಾಗದಿರಲಿ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದೆವು.

ಮಂಗಳೂರಿನಿಂದ ಯಾರೋ ಸಿ.ಡಿ.ಯಲ್ಲಿ ತಂದುಕೊಟ್ಟ 'ನುಡಿ' ತಂತ್ರಾಂಶದಲ್ಲಿ ಮೊದಲ ಬಾರಿ 'ಕನ್ನಡ' ಎಂದು ಟೈಪ್ ಮಾಡಿದ ದಿನ ನೆನಪಿದೆ. ಪರದೆಯ ಮೇಲೆ ನಮ್ಮ ಅಕ್ಷರ! ಅಲ್ಲಿಂದ ಮುಂದೆ ಎರಡು ಮೂರು ವರ್ಷದ ಪ್ರಶ್ನೆಪತ್ರಿಕೆ, ಅಭ್ಯಾಸ ಹಾಳೆ, ಮಕ್ಕಳ ಕೈಬರಹದ ಪತ್ರಿಕೆ ಎಲ್ಲ ಅದರಲ್ಲೇ ಕುಟ್ಟಿದೆವು.

ಆಮೇಲೆ ಯೋಜನೆ ಸ್ವತಂತ್ರ ತಂತ್ರಾಂಶದ ಕಡೆಗೆ ಹೊರಳಿತು. ವಿಂಡೋಸ್ ಹೋಗಿ ಲಿನಕ್ಸ್ ಬಂತು. ನಮ್ಮ ಕಡತಗಳನ್ನು ತೆರೆದರೆ ಕನ್ನಡವೇ ಇಲ್ಲ. 'ಕನ್ನಡ' ಎಂಬಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ನಡುವೆ ಒಂದು ಪೌಂಡ್ ಚಿಹ್ನೆ. ಎಲ್ಲ ಕಸ. ಆಗ ಕಾರಣ ತಿಳಿದಿರಲಿಲ್ಲ. ಅಂದಿನ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. ಯೂನಿಕೋಡಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೆ ಅದರದ್ದೇ ಸಂಖ್ಯೆ ಇದೆ. ಆದ್ದರಿಂದ ಯಾವ ಯಂತ್ರಕ್ಕೆ ಹೋದರೂ 'ಕ' 'ಕ'ವೇ. ಇದು ತಲೆಗೆ ಹೋಗುವಷ್ಟರಲ್ಲಿ ನಮ್ಮ ಕೆಲಸ ನೀರಿಗೆ ಹೋಗಿತ್ತು. ಮೊನ್ನೆ ಸಿಕ್ಕಿದ ಫ್ಲಾಪಿಗಳು ಆ ಕಾಲದವು.

ಬೇಸಿಗೆ ರಜೆಯಲ್ಲಿ ತರಬೇತಿ ಇತ್ತು. ಇಡೀ ತರಬೇತಿ ಮಲಯಾಳದಲ್ಲಿ. ನಮ್ಮಲ್ಲಿ ಇಬ್ಬರಿಗೆ ಮಲಯಾಳ ಅಷ್ಟಕ್ಕಷ್ಟೆ. ಹಿಂದಿನ ಬೆಂಚಿನಲ್ಲಿ ಕೂತು ಮುಖ ಮುಖ ನೋಡಿಕೊಂಡೆವು. ಆದರೆ ಅಲ್ಲಿ ಒಂದು ಒಳ್ಳೆಯದಾಯಿತು. ಕಲಿಸಿದ್ದು ಇನ್‌ಸ್ಕ್ರಿಪ್ಟ್ ಕೀಲಿಮಣೆ. ಅದರಲ್ಲಿ ಭಾರತದ ಯಾವ ಲಿಪಿಯೇ ಇರಲಿ, ಒಂದು ಧ್ವನಿಗೆ ಒಂದೇ ಕೀಲಿ. ಎಡಗೈಗೆ ಸ್ವರ, ಬಲಗೈಗೆ ಹೆಚ್ಚಿನ ವ್ಯಂಜನ. ಕೆ, ವಿ, ಡಿ, ವಿ, ಆಮೇಲೆ ಪಿ ಪಕ್ಕದ ಚೌಕ ಆವರಣ ಒತ್ತಿದರೆ 'ಕನ್ನಡ'. ಮಲಯಾಳ ಲಿಪಿಯಲ್ಲಿ ಆ ಪದ ಬರೆಯುವುದಕ್ಕೂ ಇವೇ ಐದು ಕೀಲಿಗಳು. ಅವರು ಮಲಯಾಳ ಹೇಳುತ್ತಾ ಹೋದರು, ನಾವು ಭಾಷೆ ಬದಲಿಸಿಕೊಂಡು ಕನ್ನಡ ಒತ್ತುತ್ತಾ ಹೋದೆವು. ಐದನೆಯ ದಿನಕ್ಕೆ ಕೈ ಕುದುರಿತು. ಫ್ಲಾಪಿಯಲ್ಲಿ ಹೋದದ್ದನ್ನೆಲ್ಲ ಯೂನಿಕೋಡಿನಲ್ಲಿ ಮತ್ತೆ ಟೈಪ್ ಮಾಡಿದೆವು. ಆಗ ಮಾಡಿದ್ದು ಇವತ್ತಿನ ಲ್ಯಾಪ್‌ಟಾಪಿನಲ್ಲೂ ತೆರೆಯುತ್ತದೆ, ಮೊಬೈಲಿನಲ್ಲೂ ತೆರೆಯುತ್ತದೆ.

ಆ ದಿನಗಳಲ್ಲೇ ಒಬ್ಬ ತಂದೆ ಮಗಳ ಟಿ.ಸಿ. ಕೇಳಲು ಬಂದಿದ್ದರು. ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವುದಂತೆ. "ಮುಂದೆ ಎಲ್ಲ ಕಂಪ್ಯೂಟರ್ ಅಲ್ವಾ ಮಾಷ್ಟ್ರೆ, ಕಂಪ್ಯೂಟರಿಗೆ ಕನ್ನಡ ಬರ್ತದಾ?" ಎಂದರು. ಪಕ್ಕದ ಕೋಣೆಯಲ್ಲಿ ನಮ್ಮ ಕನ್ನಡ ಕಸವಾಗಿ ಬಿದ್ದಿತ್ತು. ಉತ್ತರ ಕೊಡಲಾಗಲಿಲ್ಲ, ಟಿ.ಸಿ. ಕೊಟ್ಟೆವು.

2018ರ ಜನವರಿಯಲ್ಲಿ ಹೈಟೆಕ್ ಶಾಲಾ ಯೋಜನೆ ಬಂತು. ಎಂಟರಿಂದ ಹನ್ನೆರಡರವರೆಗಿನ 45,000 ತರಗತಿ ಕೋಣೆಗಳ ಲೆಕ್ಕ ಅದು. ಮರುವರ್ಷ ಪ್ರಾಥಮಿಕ ವಿಭಾಗಕ್ಕೂ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಸಿಕ್ಕಿದವು. ನಮ್ಮ ಖುಷಿಗೆ ಪಾರವಿಲ್ಲ. ಸಿಕ್ಕಿದ ವೀಡಿಯೋಗಳನ್ನೆಲ್ಲ ತೋರಿಸಿದ್ದೇ ತೋರಿಸಿದ್ದು. ಕನ್ನಡದಲ್ಲಿ ಇದ್ದದ್ದು ಕಡಿಮೆ, ಹೆಚ್ಚಿನವು ಮಲಯಾಳದವು. ಗಡಿನಾಡಿನ ಮಕ್ಕಳಲ್ಲವೇ, ಕೇಳಿ ಕೇಳಿ ಗೊತ್ತಾಗುತ್ತದೆ ಎಂದುಕೊಂಡೆವು. ಇಲ್ಲಿ ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕು.

ಆರನೆಯ ತರಗತಿಗೆ ಚಂದ್ರನ ವೃದ್ಧಿಕ್ಷಯದ ವೀಡಿಯೋ ತೋರಿಸಿದೆವು. ಒಳ್ಳೆಯ ವೀಡಿಯೋ. ಚಂದ್ರ ಸಣ್ಣದಾಗಿ ಕಾಣುವುದು ಭೂಮಿಯ ನೆರಳಿನಿಂದ ಅಲ್ಲ, ಬೆಳಕು ಬಿದ್ದ ಅರ್ಧಭಾಗದಲ್ಲಿ ನಮಗೆ ಕಾಣುವ ಪಾಲು ದಿನದಿನಕ್ಕೆ ಬದಲಾಗುವುದರಿಂದ ಎಂದು ಸರಿಯಾಗಿಯೇ ಹೇಳಿದ್ದರು. ಮಕ್ಕಳು ಕಣ್ಣು ಮಿಟುಕಿಸದೆ ನೋಡಿದರು. ಪರೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು "ಭೂಮಿಯ ನೆರಳು ಬಿದ್ದು ಚಂದ್ರ ಸಣ್ಣದಾಗುತ್ತದೆ" ಎಂದು ಬರೆದಿದ್ದರು. ಗ್ರಹಣಕ್ಕೂ ಅಮಾವಾಸ್ಯೆಗೂ ವ್ಯತ್ಯಾಸವೇ ಇಲ್ಲ. ಮನೆಯಲ್ಲಿ ತುಳು ಮಾತಾಡುವ ಒಬ್ಬ ಹುಡುಗನನ್ನು ಕರೆದು ಕೇಳಿದರೆ, "ಚಂದ ಇತ್ತು ಸಾರ್. ಕಪ್ಪು ಕಪ್ಪು ಕಂಡಿತು, ನೆರಳೂಂತ ಗ್ರಹಿಸಿದೆ. ಹೇಳಿದ್ದು ಗೊತ್ತಾಗಲಿಲ್ಲ" ಎಂದ. "ಆಗಲೇ ಯಾಕೆ ಹೇಳಲಿಲ್ಲ ಮಾರಾಯ?" ಎಂದು ಕೇಳಿದೆವು. "ಎಲ್ಲರೂ ನೋಡ್ತಾ ಇದ್ರಲ್ಲ ಸಾರ್" ಎಂದ. ಹಿಂದಿನ ಬೆಂಚಿನಲ್ಲಿ ಕೂತು ಮುಖ ಮುಖ ನೋಡಿಕೊಂಡವರು ನಾವೇ ಅಲ್ಲವೇ? ಅದನ್ನು ಹೇಗೆ ಮರೆತೆವು?

ಮರುದಿನ ಸದ್ದು ನಿಲ್ಲಿಸಿ ಅದೇ ವೀಡಿಯೋ ಹಾಕಿದೆವು. ಅಲ್ಲಲ್ಲಿ ತಡೆದು ನಾವೇ ಕನ್ನಡದಲ್ಲಿ ವಿವರಿಸಿದೆವು. ಆಮೇಲೆ ವೀಡಿಯೋ ಮುಚ್ಚಿ, ಕಿಟಕಿ ಬಾಗಿಲು ಹಾಕಿ, ಪ್ರೊಜೆಕ್ಟರಿನ ಬೆಳಕನ್ನೇ ಸೂರ್ಯ ಮಾಡಿದೆವು. ಒಂದೊಂದು ಮಗುವಿನ ಕೈಗೆ ಚೆಂಡು. ಕೈ ಚಾಚಿ, ತಲೆಗಿಂತ ಸ್ವಲ್ಪ ಎತ್ತರಕ್ಕೆ ಹಿಡಿದು, ನಿಂತಲ್ಲೇ ನಿಧಾನ ತಿರುಗುವುದು. ಬೆಳಕಿನ ಕಡೆಗೆ ಮುಖವಿದ್ದಾಗ ಚೆಂಡು ಕಪ್ಪು, ಅದು ಅಮಾವಾಸ್ಯೆ. ಬೆನ್ನು ಹಾಕಿದಾಗ ಪೂರ್ತಿ ಬೆಳಕು, ಅದು ಹುಣ್ಣಿಮೆ. ಆ ಹುಡುಗ ತಿರುಗುತ್ತಾ ತಿರುಗುತ್ತಾ ಚೆಂಡನ್ನು ಕೆಳಗಿಳಿಸಿದ. ತಲೆಯ ನೆರಳು ಚೆಂಡಿನ ಮೇಲೆ ಬಿತ್ತು. "ಸಾರ್, ಇದು ಗ್ರಹಣ!" ಎಂದು ಕೂಗಿದ. ನಾವು ಹೇಳಿಕೊಟ್ಟಿರಲಿಲ್ಲ. ಆಮೇಲೆ ಮಕ್ಕಳೇ ಸದ್ದಿಲ್ಲದ ವೀಡಿಯೋದ ಪಕ್ಕ ನಿಂತು ಸರದಿಯಂತೆ ವಿವರಣೆ ಕೊಟ್ಟರು. ನಡುನಡುವೆ ತುಳು ಬಂತು, ಬರಲಿ ಎಂದು ಬಿಟ್ಟೆವು.

2020ರ ಜೂನ್ 1ರಂದು ಟಿ.ವಿ.ಯಲ್ಲಿ 'ಫಸ್ಟ್ ಬೆಲ್' ತರಗತಿಗಳು ಆರಂಭವಾದಾಗ ಈ ಅಭ್ಯಾಸ ಕೈಹಿಡಿಯಿತು. ಕನ್ನಡದಲ್ಲೂ ಪಾಠಗಳು ಬಂದವು. ಆದರೆ ಒಂದೇ ಫೋನು ಇರುವ ಮನೆಗಳಲ್ಲಿ ಆ ಫೋನು ಹಗಲೆಲ್ಲ ಅಡಿಕೆ ತೋಟದಲ್ಲಿ ತಂದೆಯ ಜೇಬಿನಲ್ಲಿರುತ್ತಿತ್ತು. ನಾವು ಐದೈದು ನಿಮಿಷದ ಧ್ವನಿ ಪಾಠ ಮಾಡಿ ವಾಟ್ಸಾಪಿನಲ್ಲಿ ಕಳಿಸಿದೆವು. ವೀಡಿಯೋದಷ್ಟು ಡೇಟಾ ಬೇಡ, ರಾತ್ರಿ ಕೇಳಿದರೂ ಸಾಕು. ಉತ್ತರಗಳು ರಾತ್ರಿ ಒಂಬತ್ತೂವರೆಯ ಮೇಲೆ ಬರುತ್ತಿದ್ದವು. ಬೀಡಿ ಕಟ್ಟುವ ಒಬ್ಬ ತಾಯಿ ಒಂದು ದಿನ ತಾನೇ ಧ್ವನಿ ಸಂದೇಶ ಕಳಿಸಿದರು: "ನಾನು ಐದನೇ ಕ್ಲಾಸು ಕನ್ನಡ ಕಲಿತದ್ದು ಟೀಚರೇ. ಬೀಡಿ ಕಟ್ಟುತ್ತಾ ನಾನೂ ಕೇಳ್ತೇನೆ. ಮಗಳಿಗೆ ಗೊತ್ತಾಗದ್ದನ್ನು ನಾನೇ ಹೇಳಿದೆ." ಮಗುವಿನ ಕಲಿಕೆಯೊಳಗೆ ತಾಯಿಗೂ ಜಾಗ ಇರುವುದು ಇಂತಹ ಭಾಷೆಯಲ್ಲೇ ಅಲ್ಲವೇ?

2024ರಲ್ಲಿ ಏಳನೆಯ ತರಗತಿಯ ಐಸಿಟಿ ಪುಸ್ತಕಕ್ಕೆ ಕೃತಕ ಬುದ್ಧಿಮತ್ತೆಯ ಪಾಠ ಬಂತು, ಕನ್ನಡ ಪುಸ್ತಕಕ್ಕೂ ಬಂತು. ಮುಖಭಾವವನ್ನು ಗುರುತಿಸುವ ಪ್ರೋಗ್ರಾಂ ಮಾಡುವ ಚಟುವಟಿಕೆ ಅದರಲ್ಲಿದೆ. ಮಕ್ಕಳು ಕ್ಯಾಮೆರಾದ ಮುಂದೆ ನಗುತ್ತಾರೆ, ಮುಖ ಸಿಂಡರಿಸುತ್ತಾರೆ, ಯಂತ್ರ ಹೇಳುತ್ತದೆ. ನಮಗೆ ಮಾತ್ರ ಚಂದ್ರನ ಪಾಠದ ಆ ಹುಡುಗನ ಮುಖ ನೆನಪಾಗುತ್ತದೆ. ಅರ್ಥವಾಗದೆಯೂ ಅರ್ಥವಾದಂತೆ ನೋಡುತ್ತಿದ್ದ ಮುಖ. ಅದನ್ನು ಗುರುತಿಸಬೇಕಾದವರು ನಾವಾಗಿದ್ದೆವು.

ಇಷ್ಟೆಲ್ಲ ಆದ ಮೇಲೆ ಮಕ್ಕಳ ಸಂಖ್ಯೆ ಏರಿತೇ ಎಂದು ಕೇಳಬಹುದು. ಇಲ್ಲ. ಪ್ರತಿ ಜೂನಿನಲ್ಲಿ ಆರನೆಯ ಕೆಲಸದ ದಿನದ ತಲೆಲೆಕ್ಕ ಮುಗಿಯುವ ತನಕ ನಮಗೆ ನಿದ್ದೆಯಿಲ್ಲ. ಡಿವಿಜನ್ ಉಳಿಯುವುದು ಆ ಲೆಕ್ಕದ ಮೇಲೆ. ಪ್ರೊಜೆಕ್ಟರ್ ನೋಡಿ ಮಕ್ಕಳನ್ನು ಸೇರಿಸಿದವರು ನಮಗೆ ಗೊತ್ತಿಲ್ಲ. ಆ ಧ್ವನಿ ಸಂದೇಶದ ತಾಯಿ ಮಾತ್ರ ಎರಡನೆಯ ಮಗಳನ್ನೂ ನಮ್ಮಲ್ಲೇ ಸೇರಿಸಿದ್ದಾರೆ.

ಫ್ಲಾಪಿಗಳನ್ನು ಎಸೆಯಲಿಲ್ಲ. ಏಳನೆಯವರಿಗೆ ಒಂದು ಪಾಠಕ್ಕೆ ಬೇಕು. ಅದಕ್ಕೆ ಮೊದಲು ಕಂಪ್ಯೂಟರಿನಲ್ಲಿ 'ಕನ್ನಡ' ಎಂದು ಟೈಪ್ ಮಾಡಲು ಹೇಳುತ್ತೇವೆ. ಐದು ಕೀಲಿ.