ಜೀಪಿನ ಗೆಣ್ಣು

ನಮ್ಮ ತಾಳವಾಡಿ ಕಡೆ ಒಂದು ಜೀಪು ಕೆಟ್ಟು ನಿಂತರೆ ಹತ್ತು ಮನೆಗೆ ತೊಂದರೆ. ಆಸ್ಪತ್ರೆಗೆ ಹೋಗುವ ಬಸುರಿಗೂ ಪರೀಕ್ಷೆಗೆ ಹೊರಟ ಮಕ್ಕಳಿಗೂ ಅದೇ ಗಾಡಿ. ಸತ್ಯಮಂಗಲಕ್ಕೆ ಇಳಿಯಬೇಕಾದರೆ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ದಾಟಲೇಬೇಕು.

ಕಳೆದ ಮಳೆಗಾಲದ ಕೊನೆಗೆ ನಮ್ಮ ಧರ್ಮಕೇಂದ್ರದ ಹಳೆಯ ಫೋರ್ ವ್ಹೀಲ್ ಜೀಪಿನ ಸ್ಟಿಯರಿಂಗ್, ಚಕ್ರ ಗುಂಡಿಗೆ ಇಳಿದಾಗಲೆಲ್ಲ ಗಡಗಡ ನಡುಗತೊಡಗಿತು. ಮೆಕ್ಯಾನಿಕ್ ಮುಂಭಾಗಕ್ಕೆ ಜಾಕ್ ಕೊಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದರು. ಎಡಗಡೆಯದು ಸಡಿಲವಾಗಿತ್ತು. "ನಕಲ್ ಹೋಗಿದೆ ಫಾದರ್" ಎಂದರು.

ನಕಲ್ ಎಂದರೆ ಗೆಣ್ಣು. ಬೆರಳು ಗೆಣ್ಣಿನಲ್ಲಿ ಮಡಚುವ ಹಾಗೆ ಮುಂದಿನ ಚಕ್ರ ಇದರ ಮೇಲೆ ತಿರುಗುತ್ತದೆ. ಗಾಡಿಯ ಭಾರ ಹೊರುವುದೂ ಇದೇ. ಫೋರ್ ವ್ಹೀಲ್ ಗಾಡಿಯಲ್ಲಿ ಚಕ್ರಕ್ಕೆ ಶಕ್ತಿ ಕೊಡುವ ಆಕ್ಸಲ್ ಕೂಡ ಇದರ ನಡುವೆಯೇ ಹಾದುಹೋಗುತ್ತದೆ. ನಮ್ಮದರಲ್ಲಿ ಟೈ ರಾಡ್ ಕೂರುವ ರಂಧ್ರ ಸವೆದು ಮೊಟ್ಟೆಯಾಕಾರಕ್ಕೆ ಬಂದಿತ್ತು.

"ಬೆಸುಗೆ ಹಾಕಿಸಿ ಓಡಿಸಿ" ಎಂದು ಕೆಲವರು ಸಲಹೆ ಕೊಟ್ಟರು. ನಮ್ಮಲ್ಲಿ ಹಿರಿಯರೊಬ್ಬರು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಚಾಮರಾಜನಗರಕ್ಕೆ ಹೋಗಬೇಕು. ಜೀಪು ನಿಲ್ಲಿಸಲು ಮನಸ್ಸು ಬರಲಿಲ್ಲ. ಮೆಕ್ಯಾನಿಕ್ ಒಪ್ಪಲೇ ಇಲ್ಲ. "ನಿಂತ ಗಾಡಿ ಯಾರನ್ನೂ ಕೊಲ್ಲೋದಿಲ್ಲ ಫಾದರ್. ತಿರುವಿನಲ್ಲಿ ಬೆಸುಗೆ ಬಿಟ್ಟರೆ ಸ್ಟಿಯರಿಂಗ್ ನಿಮ್ಮ ಕೈಲಿರುತ್ತೆ, ಚಕ್ರ ನಿಮ್ಮ ಮಾತು ಕೇಳಲ್ಲ." ನಾವು ಮೈಸೂರಿನಿಂದ ಹೊಸ ನಕಲ್ ತರಿಸಿದೆವು. ಅದು ಬರಲು ನಾಲ್ಕು ದಿನ ಹಿಡಿಯಿತು. ಅಷ್ಟು ದಿನ ಹಾಲಿನ ವ್ಯಾನಿನ ಯಜಮಾನರು ಹಿರಿಯರನ್ನು ಕರೆದೊಯ್ದರು. ಹಣ ಕೊಡಹೋದರೆ ಮುಟ್ಟಲಿಲ್ಲ.

ಕೆಲಸದ ದಿನ ನಾವೂ ಪಕ್ಕದಲ್ಲಿ ಕೂತೆವು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಟ್ಟು, ಹಬ್, ಬ್ರೇಕ್ ಡ್ರಮ್, ಸ್ಪಿಂಡಲ್ ಒಂದೊಂದಾಗಿ ಬಿಚ್ಚಿದರು. ಆಕ್ಸಲನ್ನು ಜಾಯಿಂಟ್ ಸಮೇತ ಹೊರಗೆಳೆದು, ಟೈ ರಾಡ್ ಬಿಡಿಸಿ, ಮೇಲಿನ ಮತ್ತು ಕೆಳಗಿನ ಕಿಂಗ್ ಪಿನ್ ತೆಗೆದ ಮೇಲೆ ಹಳೆಯ ನಕಲ್ ಕೈಗೆ ಬಂತು. ಒಳಗಿನ ಬೇರಿಂಗ್‌ಗಳನ್ನೂ ಬದಲಿಸಿದರು.

ನಿಜವಾದ ನಾಜೂಕು ಆಮೇಲೆ. ಕಿಂಗ್ ಪಿನ್ ಅಡಿಯಲ್ಲಿ ಕಾಗದದಷ್ಟು ತೆಳುವಾದ ಶಿಮ್ ತಗಡುಗಳಿರುತ್ತವೆ. ಒಂದು ತೆಗೆದರೆ ಬಿಗಿ, ಒಂದು ಸೇರಿಸಿದರೆ ಸಡಿಲ. ಬಿಗಿ ಹೆಚ್ಚಾದರೆ ಸ್ಟಿಯರಿಂಗ್ ತಿರುಗದು, ಸಡಿಲಾದರೆ ಮತ್ತೆ ನಡುಕ. ಮೆಕ್ಯಾನಿಕ್ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ನಕಲ್‌ಗೆ ಸಿಕ್ಕಿಸಿ ಎಳೆದು, ಮುಳ್ಳು ನೋಡಿ, ಮೂರು ಸಲ ತಗಡು ಬದಲಿಸಿದರು. ಗ್ರೀಸ್ ತುಂಬಿ, ಹೊಸ ಸ್ಪ್ಲಿಟ್ ಪಿನ್ ಹಾಕಿ, ಕೊನೆಗೆ ಚಕ್ರಗಳ ಅಲೈನ್‌ಮೆಂಟ್ ನೋಡಿದರು.

ನಿಮ್ಮ ಮನೆಯಲ್ಲೂ ಇಂಥ ಗಾಡಿ ಇದ್ದರೆ ಮಳೆಗಾಲ ಕಳೆದ ಕೂಡಲೇ ಮುಂದಿನ ಚಕ್ರಗಳನ್ನು ಎತ್ತಿಸಿ, ಅಲುಗಾಡಿಸಿ ನೋಡಿಸಿರಿ. ನಕಲ್ ಹಿಂಬದಿ ಗ್ರೀಸ್ ಸೋರಿದ್ದರೆ ನಾಳೆ ನೋಡೋಣ ಎನ್ನಬೇಡಿರಿ. ಹತ್ತು ನಿಮಿಷದ ಕೆಲಸ. ಹಿಂದಿನ ಸೀಟಿನಲ್ಲಿ ಕೂರುವವರು ನಮ್ಮನ್ನು ನಂಬಿ ಕೂರುತ್ತಾರೆ.